ಖಾಲಿ ಜೇಬಿನ ಕತ್ತಿವೀರರು ಎಲ್ಲಿ ಹೋದರು?

ಮಾರ್ಚ್ 3 ಬಂದಾಗಲೆಲ್ಲ ಆ ಪ್ರಶ್ನೆಯೂ ಬರುತ್ತದೆ: 1934ರಲ್ಲಿ ಅದೇ ದಿನ ತೆರೆಕಂಡ, ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯಾದರೂ ಯಾಕೆ ಉಳಿಯಲಿಲ್ಲ? ಉತ್ತರ ಬೇಕಿದ್ದರೆ ಇನ್ನೂ ಹಿಂದಕ್ಕೆ, ಮಾತಿಲ್ಲದ ಮೂಕಿ ಚಿತ್ರಗಳ ಕಾಲಕ್ಕೆ, ಆಗಿನ ಕತ್ತಿವರಸೆಯ ಸ್ಟಂಟ್ ಚಿತ್ರಗಳವರೆಗೆ ಹೋಗಬೇಕು.

1913ರ ‘ರಾಜಾ ಹರಿಶ್ಚಂದ್ರ’ದಿಂದೀಚೆಗೆ ಎರಡು ದಶಕಗಳಲ್ಲಿ ದೇಶದಲ್ಲಿ ತಯಾರಾದ ಮೂಕಿಗಳು ಸುಮಾರು 1,300. ತುಂಡುತುಣುಕು ಸೇರಿಸಿದರೂ ಉಳಿದಿರುವುದು 30ರ ಆಸುಪಾಸು.

ಮೊದಮೊದಲು ಪುರಾಣದ್ದೇ ಕಾರುಬಾರು. ಆಮೇಲೆ ತೆರೆಗೆ ಹಾಲಿವುಡ್ ನಟ ಡಗ್ಲಾಸ್ ಫೇರ್‌ಬ್ಯಾಂಕ್ಸ್ ಬಂದ. ಅವನ ನಾಯಕನ ಕೈಯಲ್ಲಿ ಕಾಸಿಲ್ಲ, ಗೋಡೆ ಹಾರುವ ಧೈರ್ಯಕ್ಕೆ ಕೊರತೆಯಿಲ್ಲ. ಸಿನಿಮಾದ ಸ್ಥಿತಿಗತಿ ಅರಿಯಲು ಸರ್ಕಾರ ನೇಮಿಸಿದ್ದ ರಂಗಾಚಾರಿಯರ್ ಸಮಿತಿ 1927-28ರಲ್ಲಿ ಊರೂರು ಸುತ್ತಿ ವಿಚಾರಿಸಿದಾಗ, ಜನ ಮುಗಿಬಿದ್ದು ನೋಡಿದ್ದು ಅವನ ‘ದಿ ಥೀಫ್ ಆಫ್ ಬಾಗ್ದಾದ್’ ಎಂದು ತಿಳಿಯಿತು.

ಅದೇ ಜಾಡಿನ ನಮ್ಮ ಚಿತ್ರಗಳಲ್ಲಿ ಬದುಕುಳಿದದ್ದು ಜಿ.ಪಿ. ಪವಾರ್ ನಿರ್ದೇಶನದ ‘ದಿಲೇರ್ ಜಿಗರ್’ (1931). ರಾಜ ಒಡಹುಟ್ಟಿದವನ ಸಂಚಿಗೆ ಬಲಿಯಾಗುತ್ತಾನೆ. ಪಟ್ಟವೇರಬೇಕಿದ್ದ ಕೂಸು, ಬೀದಿಯಲ್ಲಿ ಲಾಗ ಹಾಕಿ ಹೊಟ್ಟೆ ಹೊರೆಯುವ ಹಮೀರನಾಗಿ ಬೆಳೆಯುತ್ತದೆ. ಜೊತೆಗಾತಿ ಸಾರಂಗಾಳ ಮೇಲೆ ದುಷ್ಟ ಅರಸನ ಕಣ್ಣು. ಆದರೆ ಮುಖವಾಡ ತೊಟ್ಟು, ಕತ್ತಿ ಹಿರಿದು ಹಮೀರನನ್ನು ಕಾಪಾಡಲು ಬರುವವಳು ಅವಳೇ! ಆ ಹುಡುಗಿಯೇ ಮುಂದೆ ‘ರಾಮಾಯಣ’ ಧಾರಾವಾಹಿಯಲ್ಲಿ ಮಂಥರೆಯಾದ ಲಲಿತಾ ಪವಾರ್. ತೆರೆಯ ಬದಿಯಲ್ಲಿ ಹಾರ್ಮೋನಿಯಂ, ತಬಲ. ನಡುವೆ ಬರುವ ಬರಹವನ್ನು ಅಕ್ಷರ ಬಲ್ಲವನೊಬ್ಬ ಎಲ್ಲರಿಗೂ ಕೇಳುವಂತೆ ಓದುತ್ತಿದ್ದ.

ಅದೇ ವರ್ಷ ಮಾರ್ಚ್ 14ಕ್ಕೆ ‘ಆಲಂ ಆರಾ’ ಬಂತು, ಸಿನಿಮಾಕ್ಕೆ ಮಾತು ಬಂತು. ಮೂಕಿಗಳು ರಾತ್ರೋರಾತ್ರಿ ಅಲ್ಲದಿದ್ದರೂ ನಾಲ್ಕೈದು ವರ್ಷಗಳಲ್ಲಿ ಗುಜರಿಯಾದವು. ಆಗಿನದು ನೈಟ್ರೇಟ್ ಫಿಲ್ಮು. ಹೊತ್ತಿಕೊಂಡರೆ ನೀರೊಳಗೆ ಮುಳುಗಿಸಿದರೂ ಆರದು. ಹೊತ್ತದಿದ್ದರೂ ಸೆಕೆಗೆ ಅಂಟಂಟಾಗಿ, ಕೊನೆಗೆ ಡಬ್ಬಿ ತೆರೆದರೆ ಕಂದು ಪುಡಿ. ಅದರ ಲೇಪದಲ್ಲಿ ಬೆಳ್ಳಿ ಬೇರೆ ಇತ್ತು. ಓಡದ ಚಿತ್ರಕ್ಕೆ ಗೋದಾಮು ಬಾಡಿಗೆ ಕಟ್ಟುವ ಬದಲು ಬೆಳ್ಳಿ ತೆಗೆಯುವವರಿಗೆ ತೂಕಕ್ಕೆ ಹಾಕಿದರು. ವ್ಯಾಪಾರಿಯ ಲೆಕ್ಕದಲ್ಲಿ ಅದು ತಪ್ಪಲ್ಲ. ಆದರೆ ಸ್ಟಂಟ್ ಚಿತ್ರವೆಂದರೆ ಗಾಂಧಿ ಕ್ಲಾಸಿನ ಸರಕು ಎಂದು ಓದಿದವರೇ ಮೂಗು ಮುರಿದ ಮೇಲೆ, ಕಾಪಿಡಬೇಕೆಂದು ಇನ್ಯಾರಿಗೆ ಅನ್ನಿಸೀತು? ಹಾಗಂತ ಭಕ್ತಿಯೂ ಕೈಹಿಡಿಯಲಿಲ್ಲ. ‘ಹರಿಶ್ಚಂದ್ರ’ನೇ ಇಡಿಯಾಗಿ ಉಳಿದಿಲ್ಲ. ನಮ್ಮ ಗುಬ್ಬಿ ವೀರಣ್ಣನವರ ಮೂಕಿಗಳೂ ಕಾಣೆಯಾದವು.

ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾದದ್ದು 1964ರಲ್ಲಿ. ಅಷ್ಟೊತ್ತಿಗೆ ಮೂರು ದಶಕ ಸವೆದಿತ್ತು. ಅದನ್ನು ಕಟ್ಟಿ ಬೆಳೆಸಿದ ಪಿ.ಕೆ. ನಾಯರ್ ಊರೂರು ಅಲೆದು, ಸಿಕ್ಕ ಸುರುಳಿಗಳನ್ನೆಲ್ಲ ತಂದು ಪೇರಿಸಿದರು. 2003ರ ಜನವರಿಯಲ್ಲಿ ಪುಣೆಯ ಉಗ್ರಾಣಕ್ಕೇ ಬೆಂಕಿ ಬಿತ್ತು; ಉರಿದದ್ದು ಹಳೆಯ ನೈಟ್ರೇಟ್ ಸುರುಳಿಗಳು.