ಒಳ್ಳೆ ಆಪರೇಟರ್ ಸೂಪರ್‌ವೈಸರ್ ಆದ ಮೇಲೆ

ಪೀಣ್ಯದಂಥ ಕೈಗಾರಿಕಾ ಪ್ರದೇಶದ ಮಷಿನ್ ಶಾಪ್‌ಗಳಲ್ಲಿ ಸೂಪರ್‌ವೈಸರ್ ಹುದ್ದೆ ಸಿಗುವುದು ಹೆಚ್ಚಾಗಿ ಎಲ್ಲರಿಗಿಂತ ಚೆನ್ನಾಗಿ ಮಷಿನ್ ಓಡಿಸುವವರಿಗೆ. ಸಂಬಳ ಒಂದಿಷ್ಟು ಏರುತ್ತದೆ, ಹೊಸ ಕೆಲಸ ಏನೆಂದು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಹಾಗಾಗಿ ಅವರು ಗೊತ್ತಿದ್ದದ್ದನ್ನೇ ಮುಂದುವರಿಸುತ್ತಾರೆ. ಎಲ್ಲಿ ಜಾಬ್, ಅಂದರೆ ಮಷಿನ್ ಮೇಲಿನ ಕೆಲಸ, ನಿಂತರೂ ಓಡಿಹೋಗಿ, ಹುಡುಗನನ್ನು ಪಕ್ಕಕ್ಕೆ ಸರಿಸಿ, ತಾವೇ ಆಫ್‌ಸೆಟ್ (ಟೂಲ್ ಎಲ್ಲಿ ನಿಲ್ಲಬೇಕೆಂಬ ಅಳತೆಯ ತಿದ್ದುಪಡಿ) ಹಾಕಿ ಮಷಿನ್ ಶುರು ಮಾಡುತ್ತಾರೆ. ಆ ಹೊತ್ತಿಗೆ ಐದು ನಿಮಿಷ ಉಳಿಯಿತು, ನಿಜ. ಹುಡುಗ ಕಲಿತದ್ದು ಮಾತ್ರ ಒಂದೇ: ಮಷಿನ್ ನಿಂತರೆ ಸಾರ್ ಅವರನ್ನು ಕರೆಯಬೇಕು. ಹೀಗೇ ನಡೆದರೆ ಹನ್ನೆರಡು ಮಷಿನ್‌ಗೂ ಅವರೊಬ್ಬರೇ ಆಪರೇಟರ್. ಅವರು ರಜೆ ಹಾಕಿದ ದಿನ ಶಿಫ್ಟ್ ಮಲಗಿತೆಂದೇ ಲೆಕ್ಕ.

ಹಾಗಾದರೆ ಮೊದಲು ಬದಲಾಗಬೇಕಾದದ್ದು ಮಾತಿನ ಶೈಲಿಯಲ್ಲ, ಕೈಯ ಅಭ್ಯಾಸ. ‘ನಾನು ಮಾಡಿದಷ್ಟು ಬೇಗ ಇವನು ಮಾಡಲ್ಲ’ ಎನ್ನುವುದು ಸುಳ್ಳಲ್ಲ; ಬಿಟ್ಟುಕೊಡುವುದು ಕಷ್ಟವಾಗುವುದೂ ಅದಕ್ಕೇ. ಇದಕ್ಕೆ ಒಂದು ಸಣ್ಣ ಪಾಕೆಟ್ ಪುಸ್ತಕ ಸಾಕು. ಇವತ್ತು ನಾನೇ ಮಷಿನ್ ಮುಟ್ಟಿದ್ದು ಎಷ್ಟು ಸಲ, ಯಾಕೆ ಎಂದು ಶಿಫ್ಟ್ ಮುಗಿದಾಗ ಬರೆಯಿರಿ. ‘ಅವನಿಗೆ ಬರಲ್ಲ’ ಎಂಬ ಕಾರಣ ಎಲ್ಲಿ ಬಂದಿದೆಯೋ ಅದೇ ನಾಳೆ ಕಲಿಸಬೇಕಾದ ಪಾಠ.

ಕಲಿಸುವುದಕ್ಕೂ ಕ್ರಮವಿದೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1940ರಿಂದ 1945ರವರೆಗೆ, ಅಮೆರಿಕ ಸರ್ಕಾರ ‘ಟ್ರೈನಿಂಗ್ ವಿದಿನ್ ಇಂಡಸ್ಟ್ರಿ’ ಎಂಬ ಕಾರ್ಯಕ್ರಮ ನಡೆಸಿತು. ಅದು 16 ಲಕ್ಷಕ್ಕೂ ಹೆಚ್ಚು ಜನರನ್ನು ತರಬೇತಿಗೊಳಿಸಿತು. ಯುದ್ಧದ ನಂತರ ಅದು ಜಪಾನಿಗೆ ಹೋಯಿತು, ಟೊಯೋಟಾ ಅದನ್ನು ಇಂದಿಗೂ ಬಿಟ್ಟಿಲ್ಲ. ಅದರ ನಾಲ್ಕು ಹೆಜ್ಜೆ ಇಷ್ಟೇ: ಕಲಿಯುವವನನ್ನು ಸಿದ್ಧಗೊಳಿಸು, ಮಾಡಿ ತೋರಿಸು, ಅವನಿಂದ ಮಾಡಿಸು, ಆಮೇಲೆ ಹೋಗಿ ನೋಡುತ್ತಿರು. ನಮ್ಮವರು ಎಡವುವುದು ಎರಡನೆಯದರಲ್ಲಿ ಮತ್ತು ಮೂರನೆಯದರಲ್ಲಿ.

ಸಿಎನ್‌ಸಿ ಲೇತ್ ಎಂದರೆ ಪೀಸನ್ನು ತಿರುಗಿಸುತ್ತಾ ಕೊರೆಯುವ, ಕಂಪ್ಯೂಟರ್ ನಡೆಸುವ ಮಷಿನ್. ಅದರ ಮೂರು ಜಾ ಚಕ್‌ಗೆ, ಅಂದರೆ ಮೂರು ದವಡೆಯ ಹಿಡಿತಕ್ಕೆ, ಪೀಸ್ ಕಟ್ಟುವ ಕೆಲಸವನ್ನೇ ನೋಡಿ. ಮೊದಲ ಸಲ ಬರೀ ಹೆಜ್ಜೆ ಹೇಳುತ್ತಾ ಮಾಡಿ: ಜಾ ಒರೆಸು, ಪೀಸ್ ಕೂರಿಸು, ಕ್ಲ್ಯಾಂಪ್ ಮಾಡು. ಎರಡನೇ ಸಲ ಪ್ರತಿ ಹೆಜ್ಜೆಯ ಮುಖ್ಯ ಅಂಶ ಸೇರಿಸಿ: ಬ್ರಷ್‌ನಿಂದಲೇ ಒರೆಸು, ಏರ್ ಗನ್ ಬೇಡ, ಸ್ಟಾಪರ್‌ಗೆ ತಾಗುವವರೆಗೆ ಒತ್ತು, ಪ್ರೆಷರ್ ಸೆಟ್ಟಿಂಗ್ ಶೀಟ್‌ನಲ್ಲಿ ಇದ್ದಷ್ಟೇ ಇರಲಿ. ಮೂರನೇ ಸಲ ಕಾರಣ ಹೇಳಿ. ಗಾಳಿ ಹೊಡೆದರೆ ಚಿಪ್ (ಕೊರೆದ ಲೋಹದ ಚೂರು) ಕಣ್ಣಿಗೆ ಹಾರುತ್ತದೆ. ಪೀಸ್ ಪೂರ್ತಿ ಕೂರದಿದ್ದರೆ ಉದ್ದದ ಅಳತೆ ತಪ್ಪುತ್ತದೆ. ಪ್ರೆಷರ್ ಹೆಚ್ಚಾದರೆ ತೆಳು ಗೋಡೆಯ ಪೀಸ್ ಚಕ್‌ನಲ್ಲಿದ್ದಾಗ ದುಂಡಗೆ ಕಂಡು, ಬಿಚ್ಚಿದ ಮೇಲೆ ಮೂರು ಕಡೆ ಉಬ್ಬುತ್ತದೆ. ಆಮೇಲೆ ಅವನ ಸರದಿ. ಮೊದಲು ಮಾತಿಲ್ಲದೆ ಮಾಡಲಿ, ಮುಂದಿನ ಸಲ ಹೆಜ್ಜೆ ಹೇಳುತ್ತಾ, ನಂತರ ಮುಖ್ಯ ಅಂಶ ಹೇಳುತ್ತಾ, ಕೊನೆಗೆ ಕಾರಣ ಹೇಳುತ್ತಾ ಮಾಡಲಿ. ‘ಅರ್ಥ ಆಯ್ತೇನಪ್ಪಾ?’ ಎಂದು ಕೇಳಿ ಪ್ರಯೋಜನವಿಲ್ಲ, ‘ಆಯ್ತು ಸಾರ್’ ಅಲ್ಲದೆ ಬೇರೆ ಉತ್ತರವನ್ನು ಯಾವ ಟ್ರೈನಿಯೂ ಕೊಡುವುದಿಲ್ಲ. ಮೊದಲ ದಿನ ಗಂಟೆಗೊಮ್ಮೆ ನೋಡಿ, ಮಾರನೇ ದಿನ ಎರಡು ಸಲ, ಆಮೇಲೆ ದಿನಕ್ಕೊಮ್ಮೆ.

ಇನ್ನೊಂದು ಪರೀಕ್ಷೆ ರಾತ್ರಿ ಪಾಳಿಯಲ್ಲಿ ಬರುತ್ತದೆ. ಒಬ್ಬ ಕೆಟ್ಟ ಪೀಸ್ ಹಿಡಿದು ಎದುರು ಬಂದು ನಿಂತಾಗ ನಿಮ್ಮ ಬಾಯಿಂದ ಬರುವ ಮೊದಲ ಮಾತು ‘ಯಾರೋ ಮಾಡಿದ್ದು?’ ಎಂದಾದರೆ, ಮುಂದಿನ ಕೆಟ್ಟ ಪೀಸ್ ನಿಮ್ಮ ಹತ್ತಿರ ಬರುವುದಿಲ್ಲ, ಚಿಪ್ ಟ್ರೇ ಅಡಿಗೆ ಹೋಗುತ್ತದೆ. ಅದಕ್ಕಿಂತ ಕೆಟ್ಟದೆಂದರೆ ಒಳ್ಳೆ ಪೀಸ್‌ಗಳ ಜೊತೆ ಗಿರಾಕಿಯ ಮನೆ ಸೇರುತ್ತದೆ. ಕೇಳಬೇಕಾದದ್ದು ಬೇರೆ: ಕೊನೆಗೆ ಚೆಕ್ ಮಾಡಿ ಸರಿ ಬಂದ ಪೀಸ್ ಯಾವುದು? ಅಲ್ಲಿಂದ ಇಲ್ಲಿಗೆ ಏನು ಬದಲಾಯಿತು? ಇಪ್ಪತ್ತು ಪೀಸಿಗೊಮ್ಮೆ ಅಳೆಯುವ ಜಾಬ್ ಆದರೆ ಆ ನಡುವಿನ ಅಷ್ಟನ್ನೂ ಮೊದಲು ಅನುಮಾನದ ಪೀಸ್‌ಗಳನ್ನು ಬೇರೆ ಇಡುವ ಕೆಂಪು ಬಿನ್‌ಗೆ ಹಾಕಿಸಿ. ಹೊರ ವ್ಯಾಸ ಮೆಲ್ಲಮೆಲ್ಲನೆ ದಪ್ಪವಾಗುತ್ತಾ ಬಂದಿದ್ದರೆ ಇನ್ಸರ್ಟ್ (ಟೂಲ್‌ನ ತುದಿಯಲ್ಲಿ ಕೊರೆಯುವ ಚೂರು) ಸವೆದಿರಬಹುದು. ಒಮ್ಮೆಲೇ ಜಿಗಿದಿದ್ದರೆ ಯಾರೋ ಆಫ್‌ಸೆಟ್ ಮುಟ್ಟಿರಬೇಕು, ಅಥವಾ ಟೂಲ್ ಸಡಿಲವಾಗಿರಬೇಕು, ಇಲ್ಲವೇ ಚಿಪ್ ಸಿಕ್ಕಿಕೊಂಡಿರಬೇಕು. ಟೊಯೋಟಾ ಪದ್ಧತಿಯಲ್ಲಿ ದೋಷ ಕಂಡ ಕಾರ್ಮಿಕನೇ ಆಂಡನ್ ಹಗ್ಗ, ಅಂದರೆ ಸಹಾಯಕ್ಕೆ ಕರೆಯುವ ಸೂಚನೆಯ ಹಗ್ಗ, ಎಳೆದು ಕರೆಯುತ್ತಾನೆ. ಕರೆದವನಿಗೆ ಬೈಗುಳ ಸಿಕ್ಕರೆ ಎಂಥ ಹಗ್ಗ ಕಟ್ಟಿದರೂ ಯಾರೂ ಎಳೆಯುವುದಿಲ್ಲ.

ನಿನ್ನೆಯವರೆಗೆ ಪಕ್ಕದಲ್ಲಿ ಕೂತು ಊಟ ಮಾಡಿದವರ ಮೇಲೆ ಇವತ್ತು ಅಧಿಕಾರ ನಡೆಸುವುದು ಎಲ್ಲರಿಗೂ ಮುಜುಗರವೇ. ‘ಅಣ್ಣಾ’ ಎನ್ನುತ್ತಿದ್ದ ಹಿರಿಯರನ್ನು ಹಾಗೇ ಕರೆಯಿರಿ, ಏನೂ ಕಡಿಮೆಯಾಗುವುದಿಲ್ಲ. ಸಂಬಂಧ ಕೆಡುವುದು ಓವರ್‌ಟೈಮ್ ಹಂಚುವಾಗ. ಅದಕ್ಕೆ ಕಾನೂನಿನಂತೆ ದುಪ್ಪಟ್ಟು ದರ, ಅಂದರೆ ಅದು ಮನೆ ಬಾಡಿಗೆಯ, ಮಕ್ಕಳ ಫೀಸಿನ ಪ್ರಶ್ನೆ. ಯಾರಿಗೆ ಈ ತಿಂಗಳು ಎಷ್ಟು ಗಂಟೆ ಸಿಕ್ಕಿತು ಎಂದು ಬೋರ್ಡಿನಲ್ಲೇ ಬರೆದರೆ ಗುಸುಗುಸು ಅರ್ಧ ತಗ್ಗುತ್ತದೆ. ತಪ್ಪು ತಿದ್ದುವುದು ಮಾತ್ರ ಬೋರ್ಡಿನ ಮುಂದೆ ಬೇಡ. ಒಬ್ಬ ವಾರದಲ್ಲಿ ಮೂರು ದಿನ ಹದಿನೈದು ನಿಮಿಷ ತಡವಾಗಿ ಬಂದರೆ ಕಾರಣ ಕೇಳಿ, ಹಳೆಯ ಹಾಜರಿ ನೋಡಿ, ಆಮೇಲೆ ತೀರ್ಮಾನಿಸಿ. ತುಮಕೂರು ಕಡೆಯಿಂದ ರೈಲಿನಲ್ಲಿ ಬರುವವನ ತಡವೂ, ಪೀಣ್ಯದಲ್ಲೇ ರೂಮ್ ಮಾಡಿಕೊಂಡವನ ತಡವೂ ಒಂದೇ ಅಲ್ಲ. ಹತ್ತು ದಿನ ಬಿಟ್ಟು ಪರಿಣಾಮ ನೋಡುವುದನ್ನು ಮರೆಯಬೇಡಿ.

ಯಾರಿಗೆ ಏನು ಕಲಿಸಬೇಕೆಂದು ತಿಳಿಯಲು ಒಂದು ಹಾಳೆ ಸಾಕು: ಎಡಕ್ಕೆ ಹೆಸರು, ಮೇಲೆ ಜಾಬ್‌ಗಳು, ಆ ಕೆಲಸ ಬರುವವರಿಗೆ ಗುರುತು. ಒಂದೇ ಗುರುತಿರುವ ಕಾಲಮ್ ಕಂಡರೆ ಅದೇ ಅಪಾಯ, ಅಲ್ಲಿಂದ ಶುರು ಮಾಡಿ. ಕಲಿಸುವ ವಾರ ಆ ಮಷಿನ್‌ನ ಉತ್ಪಾದನೆ ಇಳಿಯುತ್ತದೆ. ಮ್ಯಾನೇಜರ್‌ಗೆ ಇದನ್ನು ಇಳಿದ ಮೇಲೆ ಹೇಳಿದರೆ ನೆಪ ಎನಿಸುತ್ತದೆ. ಯಾವ ಮಷಿನ್, ಎಷ್ಟು ದಿನ, ಎಷ್ಟು ಪೀಸ್ ಕಡಿಮೆ ಎಂದು ಮೊದಲೇ ಒಪ್ಪಿಸಿಕೊಳ್ಳಿ. ತಿಂಗಳ ಕೊನೆಯ ವಾರ ಡಿಸ್ಪ್ಯಾಚ್ ಗಲಾಟೆ ಇರುತ್ತದೆ, ಆಗ ಕಲಿಸಲು ಹೋಗಬೇಡಿ.