ಮನೆಯೊಳಗಿನ ಹಳೇ ಜಗಳ: ಝಿಯೋನಿಸಂ ಬೇಡ ಎಂದ ಯಹೂದಿಗಳು

2023ರ ಅಕ್ಟೋಬರ್ 27, ಶುಕ್ರವಾರ ಸಂಜೆ. ಯಹೂದಿಗಳಿಗೆ ವಾರದ ವಿಶ್ರಾಂತಿ ದಿನವಾದ ಸಬ್ಬತ್ ಶುರುವಾಗುವ ಹೊತ್ತು. ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದ ತುಂಬ ಕಪ್ಪು ಟೀ ಶರ್ಟ್‌ಗಳು. 'ನಮ್ಮ ಹೆಸರಿನಲ್ಲಿ ಬೇಡ' ಎಂದು ಅವುಗಳ ಮೇಲೆ ಬರೆದಿತ್ತು. ಗಾಜಾದಲ್ಲಿ ಕದನವಿರಾಮ ಆಗಲಿ ಎಂದು ಕೂತಿದ್ದ ಈ ಜನರನ್ನು ಸೇರಿಸಿದ್ದು 'ಜ್ಯೂಯಿಷ್ ವಾಯ್ಸ್ ಫಾರ್ ಪೀಸ್' ಎಂಬ ಯಹೂದಿ ಸಂಘಟನೆ. ಪೊಲೀಸರು ನೂರಾರು ಜನರನ್ನು ಬಂಧಿಸಿದರು. ಯಹೂದಿ ಅಂದರೆ ಇಸ್ರೇಲ್ ಪರ ಎಂದೇ ತಿಳಿದವರಿಗೆ ಇದು ವಿಚಿತ್ರ ಅನ್ನಿಸುತ್ತದೆ, ಅಲ್ವಾ?

ಆದರೆ ಈ ಜಗಳಕ್ಕೆ ಝಿಯೋನಿಸಂನಷ್ಟೇ ವಯಸ್ಸು. ಝಿಯೋನಿಸಂ ಅಂದರೆ ಪ್ಯಾಲೆಸ್ತೀನಿನಲ್ಲಿ ಯಹೂದಿಗಳಿಗೆ ತಮ್ಮದೇ ನಾಡು ಬೇಕು ಎನ್ನುವ ಚಳವಳಿ. 1897ರಲ್ಲಿ ಆ ಚಳವಳಿಯ ನಾಯಕ ಥಿಯೋಡರ್ ಹರ್ಜಲ್ ಮೊದಲ ಝಿಯೋನಿಸ್ಟ್ ಕಾಂಗ್ರೆಸ್ ನಡೆಸಲು ಹೊರಟಿದ್ದು ಮ್ಯೂನಿಕ್‌ನಲ್ಲಿ. ಅಲ್ಲಿನ ಯಹೂದಿಗಳೇ ಬೇಡ ಎಂದರು. ಸಭೆ ಬಾಸೆಲ್‌ಗೆ ಹೋಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಇಂದಿನ ಲಿಥುವೇನಿಯಾದ ವಿಲ್ನಾದಲ್ಲಿ 'ಬುಂಡ್' ಹುಟ್ಟಿತು. ಅದು ಪೂರ್ವ ಯುರೋಪಿನ ಯಹೂದಿಗಳ ಭಾಷೆಯಾದ ಯಿಡ್ಡಿಷ್ ಮಾತಾಡುವ ಕಾರ್ಮಿಕರ ಸಮಾಜವಾದಿ ಪಕ್ಷ. ಅವರ ಒಂದು ಮಾತು 'ಡೊಯಿಕೈಟ್'. ಕನ್ನಡದಲ್ಲಿ 'ಇಲ್ಲಿತನ' ಅನ್ನಬಹುದೇನೋ. ಇದ್ದ ಊರೇ ನಮ್ಮೂರು, ಹಕ್ಕಿಗಾಗಿ ಹೋರಾಡುವುದೂ ಇಲ್ಲೇ ಎಂಬ ನಿಲುವು.

ನನಗೆ ಜಾಸ್ತಿ ಕುತೂಹಲ ಎಡ್ವಿನ್ ಮಾಂಟೆಗು ಬಗ್ಗೆ. ಶಾಲೆಯಲ್ಲಿ ಮಾಂಟೆಗು-ಚೆಮ್ಸ್‌ಫರ್ಡ್ ಸುಧಾರಣೆ ಎಂದು ಬಾಯಿಪಾಠ ಮಾಡಿದ್ದೆವಲ್ಲ, ಅದೇ ಮಾಂಟೆಗು. ಭಾರತದ ಆಡಳಿತ ನೋಡಿಕೊಳ್ಳುತ್ತಿದ್ದ ಬ್ರಿಟಿಷ್ ಸಚಿವ, ಯಹೂದಿ. 1917ರ ಆಗಸ್ಟ್‌ನಲ್ಲಿ ಆತ ತನ್ನದೇ ಸರ್ಕಾರಕ್ಕೆ ಒಂದು ಟಿಪ್ಪಣಿ ಬರೆದ. ಅದರ ತಲೆಬರಹದಲ್ಲೇ ಸರ್ಕಾರದ ಮೇಲೆ ಯಹೂದಿದ್ವೇಷದ ಆರೋಪ ಇತ್ತು! ಪ್ಯಾಲೆಸ್ತೀನೇ ನಿಮ್ಮ ಮನೆ ಎಂದುಬಿಟ್ಟರೆ ಪ್ರತಿ ದೇಶವೂ ತನ್ನ ಯಹೂದಿಗಳನ್ನು ಸಾಗಹಾಕಲು ನೋಡುತ್ತದೆ ಎಂಬುದು ಆತನ ವಾದ. ಅಲ್ಲಿ ಈಗಾಗಲೇ ಇರುವವರನ್ನು ಹೊರದಬ್ಬುವ ಕೆಲಸವೂ ನಡೆಯುತ್ತದೆ ಎಂದ. ಆದರೂ ಪ್ಯಾಲೆಸ್ತೀನಿನಲ್ಲಿ ಯಹೂದಿಗಳಿಗೆ ನೆಲೆ ಕೊಡಿಸಲು ಬ್ರಿಟನ್ ಬೆಂಬಲ ಇದೆ ಎನ್ನುವ ಬಾಲ್ಫರ್ ಘೋಷಣೆ ನವೆಂಬರ್ 2ಕ್ಕೆ ಹೊರಬಿತ್ತು. ಬೇರೆ ದೇಶಗಳ ಯಹೂದಿಗಳ ಹಕ್ಕಿಗೆ ಧಕ್ಕೆ ಆಗಬಾರದು ಎಂಬ ಸಾಲು ಅದರಲ್ಲಿ ಸೇರಿದ್ದಕ್ಕೆ ಇಂಥ ವಿರೋಧವೂ ಕಾರಣ. ತಮಾಷೆ ಅಂದರೆ, ಪ್ಯಾಲೆಸ್ತೀನಿನ ಮೊದಲ ಬ್ರಿಟಿಷ್ ಹೈಕಮಿಷನರ್ ಆಗಿ 1920ರಲ್ಲಿ ಹೋದ ಝಿಯೋನಿಸ್ಟ್ ಹರ್ಬರ್ಟ್ ಸ್ಯಾಮ್ಯುಯೆಲ್ ಇದೇ ಮಾಂಟೆಗುವಿನ ದೊಡ್ಡಪ್ಪನ ಮಗ.

ಕಟ್ಟಾ ಸಂಪ್ರದಾಯಸ್ಥರದು ಬೇರೆಯೇ ತಕರಾರು. ದೇವರು ಕಳಿಸುವ ರಕ್ಷಕ, ಅಂದರೆ ಮೆಸ್ಸಾಯ, ಬರುವ ಮುಂಚೆ ಮನುಷ್ಯರೇ ರಾಜ್ಯ ಕಟ್ಟುವುದು ಪಾಪ ಎನ್ನುವವರು ಅವರು. ಸತ್ಮಾರ್ ಪಂಥದವರು ಇಂದಿಗೂ ಹಾಗೇ ನಂಬುತ್ತಾರೆ. ಇವರಿಗೂ ದೇವರನ್ನು ಒಪ್ಪದ ಬುಂಡ್‌ನವರಿಗೂ ಎಣ್ಣೆ-ಸೀಗೆಕಾಯಿ ಸಂಬಂಧ.

ಈ 'ಇಲ್ಲಿತನ'ಕ್ಕೆ ದೊಡ್ಡ ಪೆಟ್ಟು ಕೊಟ್ಟಿದ್ದು ಹಿಟ್ಲರ್. ಬುಂಡ್ ಬೆಳೆದ ಊರುಗಳಲ್ಲಿ ಯಹೂದಿ ಬದುಕೇ ಉಳಿಯಲಿಲ್ಲ. ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ವಾರ್ಸಾ ಘೆಟ್ಟೋದಲ್ಲಿ ನಡೆದ ದಂಗೆಯ ನಾಯಕರಲ್ಲೊಬ್ಬರಾದ ಬುಂಡ್‌ನ ಮಾರೆಕ್ ಎಡೆಲ್ಮನ್ ಬದುಕಿ ಉಳಿದು, ಪೋಲೆಂಡ್ ಬಿಡದೆ 2009ರಲ್ಲಿ ಅಲ್ಲೇ ತೀರಿಕೊಂಡರು. ಆದರೆ ಬದುಕುಳಿದ ಬಹುಪಾಲು ಜನರಿಗೆ ಇಸ್ರೇಲ್ ಆಸರೆಯಾಗಿ ಕಂಡಿತು. ಅದರಲ್ಲಿ ತಪ್ಪು ಹುಡುಕುವುದು ಕಷ್ಟ.

ಒಂದು ಮಾತು ಹೇಳಲೇಬೇಕು. ಮೊದಲಿನ ವಿರೋಧದಲ್ಲಿ ಪ್ಯಾಲೆಸ್ತೀನಿಯರ ಚಿಂತೆ ಕಡಿಮೆ, ನಮ್ಮ ಗತಿ ಏನು ಎಂಬ ಚಿಂತೆಯೇ ಜಾಸ್ತಿ. 1948ರಲ್ಲಿ ಇಸ್ರೇಲ್ ಹುಟ್ಟುವಾಗ ಸುಮಾರು 7 ಲಕ್ಷ ಪ್ಯಾಲೆಸ್ತೀನಿಯರು ಮನೆಮಠ ಕಳೆದುಕೊಂಡರು. ಪ್ರಶ್ನೆ ಬದಲಾಗಿದ್ದು ಆಮೇಲೆ. 1962ರಲ್ಲಿ ಇಸ್ರೇಲಿನೊಳಗೇ 'ಮಾಟ್ಜ್‌ಪೆನ್' ಎಂಬ ಪುಟ್ಟ ಎಡಪಂಥೀಯ ಗುಂಪು ಹುಟ್ಟಿ, ಅರಬ್ಬರ ಜೊತೆ ನಿಂತಿತು. 1996ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಜ್ಯೂಯಿಷ್ ವಾಯ್ಸ್ ಫಾರ್ ಪೀಸ್ ಕೂಡ ತಾನು ಝಿಯೋನಿಸಂ ವಿರೋಧಿ ಎಂದು ಬಾಯಿಬಿಟ್ಟು ಹೇಳಿದ್ದು 2019ರಲ್ಲಿ.

ಇವರು ಇಂದಿಗೂ ಅಲ್ಪಸಂಖ್ಯಾತರು. ಇಸ್ರೇಲ್ ಬೇಡ ಎನ್ನುವುದು ಯಹೂದಿದ್ವೇಷವೇ ಎಂದು ಅಮೆರಿಕದ ದೊಡ್ಡ ಯಹೂದಿ ಸಂಸ್ಥೆಗಳು ಸಿಟ್ಟಾಗುತ್ತವೆ. 2023ರ ಡಿಸೆಂಬರ್‌ನಲ್ಲಿ ಅಮೆರಿಕದ ಕೆಳಮನೆಯೂ ಅದನ್ನೇ ಹೇಳುವ ನಿರ್ಣಯವನ್ನು 311-14 ಮತಗಳಿಂದ ಒಪ್ಪಿತು. 92 ಜನ ಪರವೂ ಅಲ್ಲ, ವಿರೋಧವೂ ಅಲ್ಲ ಎಂದು ಕೂತರು. ಅವರಲ್ಲಿ ನ್ಯೂಯಾರ್ಕಿನ ಜೆರಾಲ್ಡ್ ನ್ಯಾಡ್ಲರ್ ಕೂಡ ಒಬ್ಬರು. ಯಹೂದಿ, ಇಸ್ರೇಲಿನ ಹಳೇ ಬೆಂಬಲಿಗ. ಝಿಯೋನಿಸಂ ವಿರೋಧಿಸುವ ಎಷ್ಟೋ ಜನರಲ್ಲಿ ಯಹೂದಿದ್ವೇಷ ಇದೆ ಎಂದು ಅವರೂ ಒಪ್ಪಿದರು. ಆದರೆ ಈ ನಿರ್ಣಯ ಬರೆದವರಿಗೆ ಯಹೂದಿಗಳ ಇತಿಹಾಸ ಗೊತ್ತಿದ್ದರೆ, ದ್ವೇಷದ ಸೋಂಕಿಲ್ಲದ ಯಹೂದಿ ವಿರೋಧವೂ ಇದೆ ಎಂದು ತಿಳಿದಿರುತ್ತಿತ್ತು ಎಂದರು.