ಕ್ರೀಮಿಗಿಂತ ಡಬ್ಬಿ ಭಾರ

ಮುಖಕ್ಕೆ ಹಚ್ಚುವ ಕ್ರೀಮು 50 ಗ್ರಾಂ. ಅದು ಕೂತಿದ್ದ ಗಾಜಿನ ಡಬ್ಬಿ, ಮುಚ್ಚಳ ಬಿಟ್ಟು, 200 ಗ್ರಾಂ. ಅಡುಗೆಮನೆ ತಕ್ಕಡಿಯ ಮೇಲೆ ಅನುಮಾನ ಬಂದು ಎರಡು ಸಲ ತೂಗಿದೆ.

ತಂಗಿಯ ಮಗಳು ಮೊದಲ ಸಂಬಳದಲ್ಲಿ ಕೊಡಿಸಿದ್ದು. ಮಾಲಿನ ಕೌಂಟರಿನ ಹುಡುಗಿ, 'ನಮ್ಮ ಫ್ಯಾಕ್ಟರಿ ಪೂರ್ತಿ ಗ್ರೀನ್ ಕರೆಂಟು ಮೇಡಂ' ಅಂದಳು. ನಿಜವೇ ಇರಬಹುದು. ಆದರೆ ಕ್ರೀಮಿನ ಫ್ಯಾಕ್ಟರಿಯಲ್ಲಿ ಆಗುವುದೇನು? ಎಣ್ಣೆ, ನೀರು, ಮೇಣ ಬೆಚ್ಚಗೆ ಮಾಡಿ ಕಡೆಯುವುದು. ಇಂಗಾಲದ ಲೆಕ್ಕದಲ್ಲಿ ಸ್ವಂತ ಒಲೆಯ ಹೊಗೆ ಸ್ಕೋಪ್ 1, ಕೊಂಡ ಕರೆಂಟಿನ ಹೊಗೆ ಸ್ಕೋಪ್ 2, ಸರಕು ಕೊಟ್ಟವರಿಂದ ಬಳಸುವವರ ತನಕ ಮಿಕ್ಕವರೆಲ್ಲರ ಹೊಗೆ ಸ್ಕೋಪ್ 3. ಮದುವೆಯ ಊಟವನ್ನೆಲ್ಲ ಕೇಟರಿಂಗಿನವರಿಗೆ ವಹಿಸಿ, 'ನಮ್ಮನೇಲಿ ಒಲೇನೇ ಹಚ್ಚಲಿಲ್ಲ' ಎಂದು ಬೀಗಿದ ಹಾಗೆ ಈ ಗ್ರೀನ್ ಕರೆಂಟು. ಡಬ್ಬಿ ಬಂದದ್ದು ಬೇರೆಯವರ ಕುಲುಮೆಯಿಂದ.

ಆ ಕುಲುಮೆಯ ವಿಷಯಕ್ಕೆ ಬಂದರೆ ನನ್ನನ್ನು ನಿಲ್ಲಿಸುವುದು ಕಷ್ಟ. ಮರಳು, ಸೋಡಾ ಬೂದಿ (ಸೋಡಿಯಂ ಕಾರ್ಬೊನೇಟ್), ಸುಣ್ಣಕಲ್ಲು ಬೆರೆಸಿ ಸುಮಾರು 1500 ಡಿಗ್ರಿಯಲ್ಲಿ ಕರಗಿಸಿದರೆ ಗಾಜು. ಉರುವಲಿನ ಹೊಗೆ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಕಲ್ಲಿನ ಹೊಗೆ. ಸುಣ್ಣಕಲ್ಲೆಂದರೆ ಕಲ್ಲಾಗಿ ಕೂತ ಇಂಗಾಲದ ಡೈಆಕ್ಸೈಡು. 100 ಕಿಲೋ ಶುದ್ಧ ಸುಣ್ಣಕಲ್ಲು ಸುಟ್ಟರೆ ಉಳಿಯುವ ಸುಣ್ಣ 56 ಕಿಲೋ. 44 ಕಿಲೋ ಗಾಳಿಗೆ. ನಮ್ಮ ಸುಣ್ಣದ ಗೂಡಿನವರು ಈ ತೂಕನಷ್ಟವನ್ನು ತಲೆಮಾರುಗಳಿಂದ ಕಂಡವರು. ಹೋದದ್ದೇನು ಎಂದು ತಕ್ಕಡಿ ಹಿಡಿದು ಹುಡುಕಿದವನು 1750ರ ದಶಕದ ಸ್ಕಾಟ್‌ಲೆಂಡಿನ ರಸಾಯನ ವಿಜ್ಞಾನಿ ಜೋಸೆಫ್ ಬ್ಲ್ಯಾಕ್. ಘನದೊಳಗೆ ಸೆರೆಸಿಕ್ಕ ಗಾಳಿಯೆಂದು ಅದನ್ನು 'ಬಂಧಿತ ವಾಯು' ಎಂದ. ಸುಣ್ಣದ ತಿಳಿನೀರಿಗೆ ಊದಿದರೆ ಹಾಲಿನಂತೆ ಬೆಳ್ಳಗಾಗುತ್ತದಲ್ಲ, ಶಾಲೆಯಲ್ಲಿ ನಾವೆಲ್ಲ ಮಾಡಿದ್ದು, ಅದು ಆ ವಾಯು ಮರಳಿ ಸೆರೆಗೆ ಹೋಗುವ ದೃಶ್ಯ.

ಸೋಡಾ ಬೂದಿಯದೂ ಇದೇ ಕತೆ. ಹಳೆ ಗಾಜು ಬೆರೆಸದೆ ಮಾಡಿದ ಒಂದು ಟನ್ ಗಾಜಿಗೆ, ಉರುವಲು ಬಿಟ್ಟು ಬರೀ ಕಲ್ಲು-ಬೂದಿಯಿಂದಲೇ ಅಂದಾಜು 0.2 ಟನ್ ಇಂಗಾಲದ ಡೈಆಕ್ಸೈಡು ಎಂದು ಐಪಿಸಿಸಿ, ಅಂದರೆ ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ತಜ್ಞರ ಮಂಡಳಿ, ಲೆಕ್ಕ ಹಿಡಿಯುತ್ತದೆ. ಅಂದರೆ ನನ್ನ ಡಬ್ಬಿಗೆ 40 ಗ್ರಾಂ. ಹೆಚ್ಚುಕಮ್ಮಿ ಕ್ರೀಮಿನಷ್ಟೇ ತೂಕದ ಗಾಳಿ! ಅದು ಮನೆ ಬಾಗಿಲಿಗೆ ಬರುವ 20 ಲೀಟರಿನ ನೀರಿನ ಕ್ಯಾನು ತುಂಬಿ ಮಿಗುತ್ತದೆ. ಕುಲುಮೆಯನ್ನು ಸೂರ್ಯನ ಕರೆಂಟಿಗೆ ಬದಲಾಯಿಸಿದರೂ ಈ 40 ಗ್ರಾಂ ಕದಲುವುದಿಲ್ಲ. ಅನ್ನ ಬೇಯಿಸುವ ಸೌದೆ ಬದಲಾದರೂ ಅಕ್ಕಿ ಅಕ್ಕಿಯೇ ತಾನೆ.

ತಗ್ಗಿಸುವ ದಾರಿ ಇದೆ. ಒಡೆದ ಗಾಜಿನ ಚೂರು ತನ್ನ ವಾಯುವನ್ನು ಹಿಂದೊಮ್ಮೆ ಬಿಟ್ಟಾಗಿದೆ. ಎರಡನೇ ಸಲ ಕರಗಿಸಿದರೆ ಬಿಡಲು ಏನೂ ಇಲ್ಲ, ಶಾಖವೂ ಕಡಿಮೆ ಸಾಕು. ಆದರೆ ದುಬಾರಿ ಬ್ರ್ಯಾಂಡಿಗೆ ಬೇಕಾದದ್ದು ಸ್ಫಟಿಕದಂಥ ಗಾಜು, ಬಣ್ಣದ ಚೂರು ಬೆರೆತರೆ ಛಾಯೆ ಬೀಳುತ್ತದೆ. ನಮ್ಮ ಬೀದಿಯ ಗುಜರಿಯವನಿಗೆ ಡಬ್ಬಿ ಕೊಡಹೋದೆ. ಬೀರು ಬಾಟಲಿಯನ್ನು ಎಣಿಸಿ ಇಟ್ಟುಕೊಂಡ. ಇದನ್ನು ಕೈಯಲ್ಲಿ ತಿರುಗಿಸಿ, ಡಬ್ಬಿಯ ಕುತ್ತಿಗೆಗೆ ಅಂಟಿದ್ದ ಚಿನ್ನದ ಬಣ್ಣದ ಲೋಹದ ಬಳೆಯನ್ನು ಉಗುರಲ್ಲಿ ಕೆರೆದು, 'ಇದು ಹೋಗಲ್ಲಮ್ಮ' ಎಂದು ವಾಪಸು ಕೊಟ್ಟ. ತೆಳು ಗಾಜು, ಒಳಗಿನ ಬಟ್ಟಲು ಮಾತ್ರ ಬದಲಿಸುವ ರೀಫಿಲ್, ಇವು ನನಗೆ ನಂಬಿಕೆ ಬರುವ ಮಾತುಗಳು. ಬಿಟ್ಟ ಹೊಗೆಗೆ ಬದಲಾಗಿ ಗಿಡ ನೆಟ್ಟು 'ಕಾರ್ಬನ್ ನ್ಯೂಟ್ರಲ್' ಎಂದು ಡಬ್ಬಿಯ ಮೇಲೆ ಬರೆಯುವುದು ಕಾಶಿಗೆ ಹೋಗಿ ಮುಳುಗು ಹಾಕಿದಂತೆ. ಐರೋಪ್ಯ ಒಕ್ಕೂಟದಲ್ಲಿ 2024ರ ನಿರ್ದೇಶನ ಇಂಥ ಘೋಷಣೆಯನ್ನು ನಿಷೇಧಿಸಿದೆ, 2026ರ ಸೆಪ್ಟೆಂಬರ್ 27ರಿಂದ ಅನ್ವಯ.

ಇನ್ನು ಗುರಿಗಳು. ಫ್ರಾನ್ಸಿನ ಸೌಂದರ್ಯವರ್ಧಕ ಕಂಪನಿ ಲೋರಿಯಲ್ 2020ರಲ್ಲಿ ಹೇಳಿದ್ದು: 2016ಕ್ಕೆ ಹೋಲಿಸಿ 2030ರೊಳಗೆ ಪ್ರತಿ ಉತ್ಪನ್ನದ ಹೊರಸೂಸುವಿಕೆ ಶೇ. 50 ಕಡಿತ. ಸ್ಕೋಪ್ 3 ಕೂಡ ಸೇರಿತ್ತು, ಮೆಚ್ಚಬೇಕು. ಆದರೆ 'ಪ್ರತಿ' ಎಂಬ ಪದ ಕಂಡಲ್ಲೆಲ್ಲ ನಾನು ಕನ್ನಡಕ ಏರಿಸುತ್ತೇನೆ. ಪ್ರತಿ ದೋಸೆಗೆ ಅರ್ಧ ಎಣ್ಣೆ ಉಳಿಸಿದ ಹೋಟೆಲು ಎರಡರಷ್ಟು ದೋಸೆ ಹುಯ್ದರೆ ಎಣ್ಣೆ ಡಬ್ಬ ಅಷ್ಟೇ ಖಾಲಿ. ಜೊತೆಗೆ, ಗಾಜಿನ ಕುಲುಮೆ ಒಮ್ಮೆ ಹೊತ್ತಿದರೆ ಹತ್ತು ಹದಿನೈದು ವರ್ಷ ಹಗಲೂ ರಾತ್ರಿ ಆರುವುದಿಲ್ಲ. ಈ ವರ್ಷ ಗ್ಯಾಸಿನಲ್ಲಿ ಹೊತ್ತಿಸಿದ್ದು 2030ರ ಡಿಸೆಂಬರಿನಲ್ಲೂ ಉರಿಯುತ್ತಿರುತ್ತದೆ.

ಗುಜರಿಗೆ ಬೇಡವಾದ ಡಬ್ಬಿಯನ್ನು ಅಮ್ಮ ಎತ್ತಿಕೊಂಡಳು. ಗಾಂಧಿಬಜಾರಿನಿಂದ ತಂದ ಎಲೆಯಡಿಕೆಯ ಸುಣ್ಣ ಈಗ ಅದರಲ್ಲಿದೆ. ಮುಚ್ಚಳ ಸರಿಯಾಗಿ ತಿರುಗಿಸದೆ ಮಲಗಿದ್ದಳು. ಮೊನ್ನೆ ಬೆಳಗ್ಗೆ ನೋಡಿದರೆ ಸುಣ್ಣದ ಮೇಲೆ ತೆಳ್ಳಗೆ ಗರಿಗರಿ ಕೆನೆ. ರಾತ್ರಿಯಿಡೀ ಕೋಣೆಯ ಗಾಳಿಯಿಂದ ಹೀರಿಕೊಂಡ ಇಂಗಾಲ, ಕಲ್ಲಾಗಿ. ಅಮ್ಮ ಅದನ್ನು ಬೆರಳಲ್ಲಿ ಸರಿಸಿ, ಎರಡು ಹನಿ ನೀರು ಬಿಟ್ಟು, ಎಲೆಗೆ ಸವರಿದಳು.